ಹುಳಿ ಬಿಯರ್: ಮೊದಲು ಯಾವುದು, ಆಮೇಲೆ ಯಾವುದು

ಎರಡು ವರ್ಷದ ಹಿಂದೆ ಪುತ್ತೂರಿನಿಂದ ನಮ್ಮ ಭಾವ ಬೆಲ್ಜಿಯಮ್ಮಿಗೆ ಬಂದಿದ್ದರು. ಬಂದ ಮರುದಿನವೇ ಈ ಊರಿನ ಶ್ರೇಷ್ಠ ಬಿಯರನ್ನು ಅವರಿಗೆ ಕುಡಿಸಬೇಕೆಂಬ ಉತ್ಸಾಹದಲ್ಲಿ ಒಂದರಿಂದ ಮೂರು ವರ್ಷ ಪೀಪಾಯಿಯಲ್ಲಿ ಮಾಗಿದ ಗ್ಯೂಜ್ ಎಂಬ ಹುಳಿ ಬಿಯರಿನ ಬಾಟಲಿಯ ಬಿರಡೆ ತೆಗೆದು ಲೋಟಕ್ಕೆ ಬಗ್ಗಿಸಿದೆ. ಭಾವ ಒಂದು ಗುಟುಕು ಕುಡಿದರು. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮೂಸಿ ನೋಡಿದರು. "ಇದು ಹಾಳಾಗಿದೆ ಮಾರಾಯ, ಅಂಗಡಿಗೆ ವಾಪಸ್ ಕೊಡು" ಅಂದರು.

ಬಿಯರ್ ಹಾಳಾಗಿರಲಿಲ್ಲ. ಭಾವನ ನಾಲಗೆಯೂ ಸರಿಯಾಗಿಯೇ ಇತ್ತು. ಪುನರ್ಪುಳಿ ಸಾರು, ಮಾವಿನಕಾಯಿ ಚಟ್ನಿ, ಬಿಂಬುಳಿ ಉಪ್ಪಿನಕಾಯಿ ಉಂಡು ಬೆಳೆದವರಿಗೆ ಹುಳಿ ಹೊಸದೇ? ತಪ್ಪಿದ್ದು ಕ್ರಮ. ಮೂರನೆಯದಾಗಿಯೋ ನಾಲ್ಕನೆಯದಾಗಿಯೋ ಕೊಡಬೇಕಾದ್ದನ್ನು ನಾನು ಮೊದಲೇ ಕೊಟ್ಟಿದ್ದೆ. ಅಲ್ಲಿಂದೀಚೆಗೆ ಊರಿನಿಂದ ಯಾರೇ ಬರಲಿ, ಬೆಂಗಳೂರಿನಿಂದ ಯಾವ ಗೆಳೆಯ ಫೋನ್ ಮಾಡಿ "ಮೆನುವಿನಲ್ಲಿ ನಾಲ್ಕು ಥರದ ಸಾವರ್ ಇದೆ, ಯಾವುದು ತಗೊಳ್ಳಲಿ" ಎಂದು ಕೇಳಲಿ, ನಾನು ಒಂದೇ ಮರುಪ್ರಶ್ನೆ ಕೇಳುತ್ತೇನೆ: ಅದರ ಹುಳಿ ಎಷ್ಟು ದಿನದ್ದು? ಎರಡು ದಿನದ್ದೋ, ಎರಡು ವರ್ಷದ್ದೋ? ಹುಳಿಯ ಪ್ರಮಾಣಕ್ಕಿಂತ ಹುಳಿಯ ವಯಸ್ಸು ತಿಳಿದರೆ ಆಯ್ಕೆ ಅರ್ಧ ಮುಗಿದಂತೆ.

ಕಹಿ ಸಾಕಾದವರು ಇತ್ತ ಬಂದರು

ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಬ್ರೂವರಿಗಳ ಬಿಯರ್, ಎಂದರೆ ಬಹಳ ಕಾಲ ಐಪಿಎ ಎಂಬ ಕಹಿ ಬಿಯರ್ ಎಂದೇ ಅರ್ಥವಾಗಿತ್ತು. ಬಿಯರಿಗೆ ಕಹಿ ಕೊಡುವ ಹೂವಾದ ಹಾಪ್ಸ್ ಹೆಚ್ಚು, ಕಹಿ ಹೆಚ್ಚು, ಮದ್ಯಾಂಶ ಹೆಚ್ಚು. ಆ ಓಟದಲ್ಲಿ ದಣಿದ ನಾಲಗೆಗಳು ಬೇರೆ ರುಚಿ ಹುಡುಕಿದಾಗ ಹುಳಿ ಸಿಕ್ಕಿತು. ವೈನ್ ಕುಡಿಯುತ್ತಿದ್ದವರಿಗೆ, ಬಿಯರಿನ ಕಹಿಯನ್ನು ಎಂದೂ ಒಪ್ಪದಿದ್ದವರಿಗೆ ಇದು ಬಿಯರ್ ಲೋಕದ ಹಿತ್ತಿಲ ಬಾಗಿಲಾಯಿತು. ಬೆಲ್ಜಿಯಮ್ಮಿನ ರೋಡನ್‌ಬಾಕ್ ಬ್ರೂವರಿಯಲ್ಲಿದ್ದ ಪೀಟರ್ ಬೌಕಾರ್ಟ್ 1996ರಲ್ಲಿ ಅಮೆರಿಕದ ಕೊಲೊರಾಡೋಗೆ ಹೋಗಿ ನ್ಯೂ ಬೆಲ್ಜಿಯಂ ಬ್ರೂವರಿ ಸೇರಿದರು. ಮರದ ಪೀಪಾಯಿಯಲ್ಲಿ ಹುಳಿ ಬರಿಸುವ ವಿದ್ಯೆ ಅವರ ಜೊತೆ ಅಟ್ಲಾಂಟಿಕ್ ದಾಟಿತು. 2007ರಲ್ಲಿ ಮೇನ್ ರಾಜ್ಯದ ಅಲ್ಲಗಾಷ್ ಬ್ರೂವರಿ ಕುದಿದ ರಸವನ್ನು ಗಾಳಿಗೆ ತೆರೆದಿಟ್ಟು ತಣಿಸುವ ಬ್ರಸೆಲ್ಸ್ ಮಾದರಿಯ ತೊಟ್ಟಿಯನ್ನೇ ಕಟ್ಟಿಸಿತು. 1966ರಲ್ಲಿ ತಯಾರಿಕೆಯೇ ನಿಂತುಹೋಗಿದ್ದ ಜರ್ಮನಿಯ ಗೋಸೆ ಎಂಬ ಹುಳಿ ಬಿಯರ್ ಇವತ್ತು ಯಾವ ದೇಶದ ಪುಟ್ಟ ಬ್ರೂವರಿಯ ಹಲಗೆಯ ಮೇಲೂ ಸಿಗುತ್ತದೆ. ಹುಳಿ ಬಿಯರಿನ ಏರಿಕೆಗೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮೊಸರಿನ ದಾರಿ, ದೋಸೆಹಿಟ್ಟಿನ ದಾರಿ

ನಮ್ಮ ಅಡುಗೆಮನೆಯಲ್ಲಿ ಹುಳಿ ಎರಡು ದಾರಿಯಲ್ಲಿ ಬರುತ್ತದೆ. ಹಾಲನ್ನು ಉಗುರುಬೆಚ್ಚಗೆ ಮಾಡಿ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗ್ಗೆ ಮೊಸರು. ಇದರಲ್ಲಿ ಏನು ಹಾಕಿದೆವು, ಏನು ಬರುತ್ತದೆ ಎಂಬುದು ಮೊದಲೇ ಗೊತ್ತು. ದೋಸೆಹಿಟ್ಟು ಹಾಗಲ್ಲ. ಅಕ್ಕಿ, ಉದ್ದು ರುಬ್ಬಿ ಮುಚ್ಚಿಟ್ಟರೆ ಸಾಕು, ಕಾಳಿನ ಮೈಮೇಲೆ, ಪಾತ್ರೆಯಲ್ಲಿ, ಗಾಳಿಯಲ್ಲಿ ಇರುವ ಜೀವಿಗಳೇ ಕೆಲಸ ಮಾಡುತ್ತವೆ. ಚಳಿಗಾಲದಲ್ಲಿ ಒಂದು ಹದ, ಸೆಖೆಯಲ್ಲಿ ಇನ್ನೊಂದು.

ಹುಳಿ ಬಿಯರೂ ಹೀಗೇ. ಬೇಗ ಆಗುವುದನ್ನು ಕೆಟಲ್ ಸಾವರ್ ಎನ್ನುತ್ತಾರೆ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಸಿಹಿ ರಸವನ್ನು ಹಂಡೆಯಲ್ಲಿ 35ರಿಂದ 45 ಡಿಗ್ರಿಯ ನಡುವೆ ಬೆಚ್ಚಗಿಟ್ಟು ಲ್ಯಾಕ್ಟೋಬ್ಯಾಸಿಲಸ್ ಹಾಕುತ್ತಾರೆ. ಮೊಸರನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾದ ಕುಲವೇ ಅದು. ಒಂದೆರಡು ದಿನದಲ್ಲಿ ಬೇಕಾದಷ್ಟು ಹುಳಿ ಬಂದ ಮೇಲೆ ಕುದಿಸಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಾರೆ. ಆಮೇಲೆ ಎಂದಿನಂತೆ ಯೀಸ್ಟ್. ಕೆಲವೇ ವಾರದಲ್ಲಿ ಬಿಯರ್ ನಲ್ಲಿಗೆ ಬರುತ್ತದೆ. ಹಾಪ್ಸ್ ಈ ಬ್ಯಾಕ್ಟೀರಿಯಾಕ್ಕೆ ಆಗದ ವಸ್ತು, ಆದ್ದರಿಂದ ಹುಳಿ ಬರಿಸುವಾಗ ಅದನ್ನು ಹಾಕುವುದಿಲ್ಲ. ಇಂಥ ಬಿಯರಿನಲ್ಲಿ ಕಹಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನಿಸುವುದು ಅದಕ್ಕೇ.

ನಿಧಾನದ ದಾರಿಯಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಅದು ಯೀಸ್ಟಿನ ಜೊತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಬದುಕುತ್ತದೆ. ಜೊತೆಗೆ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್ ಸೇರಿಕೊಳ್ಳುತ್ತದೆ. 1904ರಲ್ಲಿ ಕಾರ್ಲ್ಸ್‌ಬರ್ಗ್ ಬ್ರೂವರಿಯ ಕ್ಲಾಸನ್ ಇದಕ್ಕೆ ಹೆಸರಿಟ್ಟರು. ನಮ್ಮ ಭಾವ ಮೂಸಿ ನೋಡಿದಾಗ ಮೂಗಿಗೆ ಬಡಿದದ್ದು ಇದೇ: ಹಟ್ಟಿಯ ಒಣಹುಲ್ಲು, ಹಳೆಯ ಗೋಣಿಚೀಲ, ಮಳೆಗಾಲದ ಅಟ್ಟ. ಒಗ್ಗಿದವರಿಗೆ ಇದೇ ಪ್ರಾಣ. ಮೊದಲ ಸಲಕ್ಕೆ ಗಾಬರಿ.

ಮಾಮೂಲಿ ಬಿಯರಿನ ಪಿಎಚ್ 4.2ರಿಂದ 4.6ರ ಆಸುಪಾಸಿನಲ್ಲಿದ್ದರೆ ಹುಳಿ ಬಿಯರಿನದು ಬಹುಪಾಲು 3.2ರಿಂದ 3.6; ಈ ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಆದರೆ ಈ ಅಂಕಿ ನೋಡಿ ಕೊಳ್ಳಬೇಡಿ. ಒಂದೇ ಪಿಎಚ್ ಇರುವ ಎರಡು ಬಿಯರುಗಳಲ್ಲಿ ಒಂದು ಮಜ್ಜಿಗೆಯಷ್ಟು ಸೌಮ್ಯ, ಇನ್ನೊಂದು ಕಚಂಪುಳಿಯಷ್ಟು ಚೂಪು ಇರಬಹುದು. ಲ್ಯಾಕ್ಟಿಕ್ ಆಮ್ಲ ಮೊಸರಿನ ಮೆದು ಹುಳಿ, ಅಸಿಟಿಕ್ ಆಮ್ಲ ವಿನೆಗರಿನ ಗಂಟಲು ಹಿಡಿಯುವ ಹುಳಿ. ಯಾವುದು ಎಷ್ಟು ಎಂಬುದೇ ಮುಖ್ಯ.

ಮೊದಲ ಲೋಟ: ಗೋಸೆ ಅಥವಾ ಬರ್ಲಿನರ್ ವೈಸೆ

ಹುಳಿ ಬಿಯರ್ ಎಂದೂ ಕುಡಿಯದವರು ಗೋಸೆಯಿಂದ ಶುರು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೋದಿ, ಉಪ್ಪು, ಕೊತ್ತಂಬರಿ ಬೀಜ, ಲ್ಯಾಕ್ಟಿಕ್ ಹುಳಿ. ಇದನ್ನು ಓದುವಾಗಲೇ ನಿಮಗೆ ನೀರುಮಜ್ಜಿಗೆ ನೆನಪಾಗಿರಬೇಕು. ಮದ್ಯಾಂಶ ಶೇ. 4ರಿಂದ 5, ಬಿಸಿಲಿನಿಂದ ಬಂದವರಿಗೆ ಹೇಳಿ ಮಾಡಿಸಿದ್ದು. ಹೆಸರು ಬಂದದ್ದು ಗೋಸ್ಲಾರ್ ಊರಿನ ಗೋಸೆ ನದಿಯಿಂದ, ಹೆಸರಾದದ್ದು ಲೈಪ್‌ಜಿಗ್‌ನಲ್ಲಿ. ಜರ್ಮನಿಯ ಶುದ್ಧತಾ ನಿಯಮದ ಪ್ರಕಾರ ಬಿಯರಿಗೆ ಉಪ್ಪು, ಕೊತ್ತಂಬರಿ ಹಾಕುವಂತಿಲ್ಲ. ಪ್ರಾದೇಶಿಕ ವಿಶೇಷ ಎಂದು ಗೋಸೆಗೆ ವಿನಾಯಿತಿ ಇದೆ. ನಿಂತುಹೋಗಿದ್ದ ಈ ಬಿಯರನ್ನು 1980ರ ದಶಕದಲ್ಲಿ ಮತ್ತೆ ಮಾಡಿಸಿದವರು ಲೋಥರ್ ಗೋಲ್ಡ್‌ಹಾನ್. 1986ರಲ್ಲಿ ಅವರು ಲೈಪ್‌ಜಿಗ್‌ನ ಹಳೆಯ ಗೋಸೆ ಮನೆ 'ಓನೆ ಬೆಡೆಂಕೆನ್' ಅನ್ನು ಪುನಃ ತೆರೆದರು. ಹಾಗೆಂದರೆ 'ಅನುಮಾನವಿಲ್ಲದೆ' ಎಂದರ್ಥ. ಆ ಊರಿಗೆ ಹೋದರೆ ಅಲ್ಲಿಗೂ, ಹಳೆಯ ರೈಲು ನಿಲ್ದಾಣದಲ್ಲಿರುವ ಬಯರಿಶರ್ ಬಾನ್‌ಹೋಫ್ ಬ್ರೂವರಿಗೂ ಹೋಗಿ ಎರಡನ್ನೂ ಹೋಲಿಸಿ.

ಬರ್ಲಿನರ್ ವೈಸೆ ಇನ್ನೂ ಹಗುರ, ಸುಮಾರು ಶೇ. 3. ಉಪ್ಪಿಲ್ಲ, ಮಸಾಲೆಯಿಲ್ಲ, ತೆಳ್ಳನೆಯ ಚುರುಕು ಹುಳಿ ಮಾತ್ರ. ಬರ್ಲಿನ್ನಿನಲ್ಲಿ "ಕೆಂಪೋ ಹಸಿರೋ" ಎಂದು ಕೇಳುತ್ತಾರೆ: ಕೆಂಪು ರಾಸ್ಪ್‌ಬೆರಿ ಪಾನಕ, ಹಸಿರು ವಾಲ್ಡ್‌ಮೈಸ್ಟರ್ ಎಂಬ ಕಾಡುಸೊಪ್ಪಿನ ಪಾನಕ. ಪಾನಕ ಬೆರೆಸಿದರೆ ಬಿಯರ್ ಮರೆಯಾಗಿಬಿಡುತ್ತದೆ. ಒಂದು ಲೋಟ ಏನೂ ಬೆರೆಸದೆ ಕುಡಿದು ನೋಡಿ ಆಮೇಲೆ ತೀರ್ಮಾನಿಸಿ. ಹಿಂದೆ ಇದರಲ್ಲೂ ಬ್ರೆಟನೊಮೈಸಿಸ್ ಇರುತ್ತಿತ್ತು. ಬರ್ಲಿನ್ನಿನ ಷ್ನೇಯೊಯ್ಲೆ ಎಂಬ ಪುಟ್ಟ ಬ್ರೂವರಿ ಆ ಹಳೆಯ ಕ್ರಮವನ್ನು ಮತ್ತೆ ಹಿಡಿದಿದೆ. ಅದು ಸಿಕ್ಕರೆ ಬಿಡಬೇಡಿ.

ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ನಿಮ್ಮ ಮುಂದೆ ಬರುವ ಹುಳಿ ಬಿಯರ್ ಬಹುಪಾಲು ಈ ಗುಂಪಿನದೇ: ಕೆಟಲ್‌ನಲ್ಲಿ ಹುಳಿ ಬರಿಸಿ ಹಣ್ಣು ಸೇರಿಸಿದ್ದು. ಅದಕ್ಕೆ ಕಾರಣವೂ ನ್ಯಾಯವಾದದ್ದೇ. ಕಾಡು ಯೀಸ್ಟನ್ನು ಒಂದು ತೊಟ್ಟಿಗೆ ಬಿಟ್ಟರೆ ಅದು ಪಕ್ಕದ ತೊಟ್ಟಿಯಲ್ಲಿರುವ ಲಾಗರಿಗೂ, ಅಂದರೆ ಮಾಮೂಲಿ ತಿಳಿ ಬಿಯರಿಗೂ, ಹತ್ತಬಹುದು. ಬಾಡಿಗೆ ಸುಡುವ ಜಾಗದಲ್ಲಿ ಮೂರು ವರ್ಷ ಪೀಪಾಯಿ ಮಲಗಿಸಿಡುವುದೂ ಸುಲಭವಲ್ಲ. ಕೋಕಂ, ಅಂದರೆ ನಮ್ಮ ಪುನರ್ಪುಳಿ, ಹಾಕಿದ ಗೋಸೆ ಎಲ್ಲಾದರೂ ಕಂಡರೆ ಅದನ್ನೇ ಆರಿಸಿ. ಉಪ್ಪು ಹಾಕಿದ ಪುನರ್ಪುಳಿ ಶರಬತ್ತು ಗೊತ್ತಿರುವವರಿಗೆ ಅದರ ತರ್ಕ ಯಾರೂ ವಿವರಿಸಬೇಕಿಲ್ಲ. ಒಂದು ಎಚ್ಚರಿಕೆ: ಹಣ್ಣಿನ ತಿರುಳನ್ನು ದಂಡಿಯಾಗಿ ಸುರಿದ, ಮಿಲ್ಕ್‌ಶೇಕಿನಂಥ ದಪ್ಪ ಡಬ್ಬಿ ಬಿಯರುಗಳು ಈಗ ಚಾಲ್ತಿಯಲ್ಲಿವೆ. ಅವುಗಳಲ್ಲಿ ಹುದುಗದೆ ಉಳಿದ ಸಕ್ಕರೆ ಇರುತ್ತದೆ. ತಣ್ಣಗಿಡದಿದ್ದರೆ ಡಬ್ಬಿಯೊಳಗೇ ಮತ್ತೆ ಹುದುಗಿ ಒಡೆಯಬಹುದು. ಕೊಂಡ ವಾರದಲ್ಲೇ ಕುಡಿದು ಮುಗಿಸಿ.

ಅಂದ ಹಾಗೆ, ಗೋಸೆ ಮತ್ತು ಗ್ಯೂಜ್ ಎರಡನ್ನೂ ಗದ್ದಲದ ಕೌಂಟರಿನಲ್ಲಿ ಹೇಳಿದರೆ ಒಂದೇ ಥರ ಕೇಳುತ್ತವೆ. ಒಂದು ಕೇಳಿ ಇನ್ನೊಂದು ಪಡೆದವರನ್ನು ಕಂಡಿದ್ದೇನೆ. ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿ.

ಎರಡನೆಯದು: ಫ್ಲಾಂಡರ್ಸ್‌ನ ಕೆಂಪು

ಹುಳಿಯ ಜೊತೆ ಸಿಹಿಯೂ ಬೇಕೆನ್ನುವವರು ಬೆಲ್ಜಿಯಮ್ಮಿನ ಪಶ್ಚಿಮ ಫ್ಲಾಂಡರ್ಸ್ ಕಡೆ ತಿರುಗಿ. ರುಸೆಲಾರೆ ಊರಿನ ರೋಡನ್‌ಬಾಕ್ 1821ರಿಂದ ಇದೆ. ಅಲ್ಲಿ ಆಳೆತ್ತರವನ್ನೂ ಮೀರಿದ ಓಕ್ ಮರದ ಪೀಪಾಯಿಗಳು ಸುಮಾರು 300 ಸಾಲಾಗಿ ನಿಂತಿವೆ. ಓಕ್ ತುಸುವೇ ಉಸಿರಾಡುತ್ತದೆ. ಒಳಹೋಗುವ ಆ ಚೂರು ಗಾಳಿಯಿಂದ ಲ್ಯಾಕ್ಟಿಕ್ ಹುಳಿಯ ಜೊತೆ ಒಂದಿಷ್ಟು ವಿನೆಗರಿನ ಹುಳಿಯೂ ಹುಟ್ಟುತ್ತದೆ. ಎರಡು ವರ್ಷ ಮಾಗಿದ ಈ ಬಿಯರಿಗೆ ಎಳೆಯ ಬಿಯರ್ ಬೆರೆಸುತ್ತಾರೆ. 'ಕ್ಲಾಸಿಕ್' ಎಂಬುದರಲ್ಲಿ ಮಾಗಿದ್ದು ಶೇ. 25, 'ಗ್ರಾಂ ಕ್ರೂ' ಎಂಬುದರಲ್ಲಿ ಶೇ. 67. ಒಂದೇ ಮನೆಯ ಈ ಎರಡನ್ನು ಪಕ್ಕಪಕ್ಕ ಇಟ್ಟು ಕುಡಿದರೆ ವಯಸ್ಸು ಬಿಯರಿಗೆ ಏನು ಮಾಡುತ್ತದೆ ಎಂಬುದು ಹದಿನೈದು ನಿಮಿಷದಲ್ಲಿ ತಿಳಿಯುತ್ತದೆ. ನಾನು ಕಂಡಂತೆ ಇಷ್ಟು ಸಲೀಸಾದ ಪಾಠ ಬೇರೆ ಇಲ್ಲ.

ಹುಣಸೆಹಣ್ಣಿಗೆ ಬೆಲ್ಲ ಹಾಕಿ ಕುದಿಸಿದ ಗೊಜ್ಜು ಇಷ್ಟವೇ? ಹಾಗಾದರೆ ವೆರ್ಹಾಗೆ ಬ್ರೂವರಿಯ 'ದುಶೆಸ್ ದೆ ಬುರ್ಗೋನ್' ನಿಮ್ಮದು. ಶೇ. 6.2, ಕಡುಗೆಂಪು, ಗ್ರಾಂ ಕ್ರೂಗಿಂತ ಸಿಹಿ. ಎರಡನೇ ಸಂಜೆ ಭಾವನಿಗೆ ಕೊಟ್ಟದ್ದು ಇದನ್ನೇ. ಅವರು ಮಾತಾಡದೆ ಲೋಟ ಖಾಲಿ ಮಾಡಿ ಬಾಟಲಿಯ ಕಡೆ ಕೈ ಚಾಚಿದರು. ನನಗೆ ಸಿಹಿ ಸ್ವಲ್ಪ ಹೆಚ್ಚೆನಿಸುತ್ತದೆ, ಆದರೆ ಊಟದ ಜೊತೆ ಸರಿಹೋಗುತ್ತದೆ. ಕೊಡಗಿನ ಪಂದಿ ಕರಿ ಮಾಡಿದ ದಿನ ಕಚಂಪುಳಿಯ ಕಪ್ಪು ಹುಳಿಗೂ ಈ ಬಿಯರಿನ ಓಕ್ ಹುಳಿಗೂ ಆದ ಒಡನಾಟವನ್ನು ನಾನು ಮರೆತಿಲ್ಲ.

ಇದರ ಸೋದರ ಔಡ್ ಬ್ರೂನ್, ಔಡನಾರ್ಡೆ ಊರಿನದು. ಮರದ ಬದಲು ಲೋಹದ ತೊಟ್ಟಿಯಲ್ಲಿ ಮಾಗುವುದರಿಂದ ವಿನೆಗರಿನ ಚೂಪು ಕಡಿಮೆ, ಮಾಲ್ಟಿನ ಕಂದು ಸಿಹಿ ಹೆಚ್ಚು. ಲೀಫ್‌ಮನ್ಸ್‌ನ ಗೌಡನ್‌ಬಾಂಡ್ ಶೇ. 8 ಇದೆ, ನಿಧಾನವಾಗಿ ಕುಡಿಯಿರಿ.

ಮೂರನೆಯದು, ನಿಜವಾದ ಗುರಿ: ಲ್ಯಾಂಬಿಕ್, ಗ್ಯೂಜ್, ಕ್ರೀಕ್

ಬ್ರಸೆಲ್ಸ್‌ನ ಮಿಡಿ ರೈಲು ನಿಲ್ದಾಣದಿಂದ ಹತ್ತು ಹದಿನೈದು ನಿಮಿಷ ನಡೆದರೆ ಕಾಂಟಿಯೋನ್ ಸಿಗುತ್ತದೆ. 1900ರಲ್ಲಿ ಶುರುವಾದ ಮನೆತನದ ಬ್ರೂವರಿ. ಮರದ ಏಣಿಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದರೆ ಮಾಡಿನ ಹಂಚಿನ ಕೆಳಗೆ ಒಂದು ತಾಮ್ರದ ತೊಟ್ಟಿ ಇದೆ. ಕೋಣೆಯಷ್ಟು ಅಗಲ, ಆಳ ಮಾತ್ರ ಮೊಣಕಾಲಿನ ಹತ್ತಿರಕ್ಕೆ. ಕುದಿದ ಮಾಲ್ಟ್ ರಸವನ್ನು ಇದಕ್ಕೆ ತುಂಬಿ, ಗೋಡೆಯ ಕಿಂಡಿ ತೆರೆದು, ರಾತ್ರಿಯಿಡೀ ಬಿಡುತ್ತಾರೆ. ಯಾರೂ ಯೀಸ್ಟ್ ಹಾಕುವುದಿಲ್ಲ. ಬ್ರಸೆಲ್ಸ್‌ನ ಸೆನ್ನೆ ನದಿಯ ಕಣಿವೆಯ ಚಳಿಗಾಳಿ, ಆ ಅಟ್ಟದ ಮರ, ಕೆಳಗಿನ ಪೀಪಾಯಿಗಳು, ಇವುಗಳಲ್ಲಿ ಇರುವ ಜೀವಿಗಳೇ ಬಿತ್ತನೆ. ಜೇಡರ ಬಲೆಗಳನ್ನೂ ಗುಡಿಸುವುದಿಲ್ಲ. ಹಣ್ಣಿನ ನೊಣಗಳನ್ನು ಹಿಡಿಯುವ ಕಾವಲುಗಾರ ಜೇಡವೇ. ಸೆಖೆಯಲ್ಲಿ ಬೇಡದ ಬ್ಯಾಕ್ಟೀರಿಯಾ ಮುನ್ನುಗ್ಗುವುದರಿಂದ ಸುಮಾರು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಾತ್ರ ಈ ಕೆಲಸ. ಚಳಿಗಾಲ ಬೆಚ್ಚಗಾಗುತ್ತಾ ಹೋದಂತೆ ಈ ಕಾಲಾವಧಿ ಕಿರಿದಾಗುತ್ತಿದೆ ಎಂಬುದು ಇಲ್ಲಿನವರಿಗೆ ನಿಜವಾದ ಚಿಂತೆ. ನನಗೂ.

ಧಾನ್ಯದಲ್ಲಿ ಮೂರನೇ ಒಂದು ಪಾಲಿನಷ್ಟು ಮೊಳಕೆ ಬರಿಸದ ಹಸಿ ಗೋದಿ. ಹಾಪ್ಸ್ ಎರಡು ಮೂರು ವರ್ಷ ಹಳೆಯದು: ಕಹಿ ಹೋಗಿರುತ್ತದೆ, ಕೆಡದಂತೆ ಕಾಯುವ ಗುಣ ಉಳಿದಿರುತ್ತದೆ. ಪೀಪಾಯಿಯೊಳಗೆ ಮೊದಲ ವರ್ಷದ ಬೇಸಿಗೆಯಲ್ಲಿ ಪೀಡಿಯೋಕಾಕಸ್ ಬ್ಯಾಕ್ಟೀರಿಯಾ ಬೆಳೆದು ಬಿಯರ್ ಎಣ್ಣೆಯಂತೆ ಲೋಳೆಯಾಗುವುದೂ ಉಂಟು. ಬೇರೆ ಎಲ್ಲಾದರೂ ಆಗಿದ್ದರೆ ಚರಂಡಿಗೆ ಸುರಿಯುತ್ತಿದ್ದರು. ಇಲ್ಲಿ ಕಾಯುತ್ತಾರೆ. ಬ್ರೆಟನೊಮೈಸಿಸ್ ತಿಂಗಳುಗಟ್ಟಲೆ ಕೆಲಸ ಮಾಡಿ ಆ ಲೋಳೆಯನ್ನು ತಿಂದು ತಿಳಿಗೊಳಿಸುತ್ತದೆ. ಈ ಕಾಯುವಿಕೆಯೇ ಲ್ಯಾಂಬಿಕ್.

ಬರಿಯ ಲ್ಯಾಂಬಿಕ್‌ನಲ್ಲಿ ನೊರೆ, ಗುಳ್ಳೆ ಇರುವುದಿಲ್ಲ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದರೆ, ಎಳೆಯದರಲ್ಲಿ ಉಳಿದ ಸಕ್ಕರೆಯಿಂದ ಬಾಟಲಿಯೊಳಗೇ ಮತ್ತೆ ಹುದುಗಿ ಗುಳ್ಳೆ ಬರುತ್ತದೆ. ಅದು ಗ್ಯೂಜ್. ಹುಳಿಮಾವಿನ ಸಿಪ್ಪೆ, ಹಸಿ ದ್ರಾಕ್ಷಿ, ಒಣಹುಲ್ಲು, ಕೊನೆಯಲ್ಲಿ ನಾಲಗೆಯ ಬದಿ ಹಿಡಿಯುವ ಒಗರು. ಸಿಹಿ ಒಂದು ಹನಿಯೂ ಇಲ್ಲ.

ಹುಳಿ ಚೆರಿಯನ್ನು ಬೀಜಸಮೇತ ಲ್ಯಾಂಬಿಕ್‌ನಲ್ಲಿ ನೆನೆಸಿದರೆ ಕ್ರೀಕ್. ಕಾಂಟಿಯೋನ್‌ನಲ್ಲಿ ಲೀಟರಿಗೆ 200 ಗ್ರಾಂ ಹಣ್ಣು ಹಾಕುತ್ತಾರೆ. ಬೀಜದಿಂದ ಬಾದಾಮಿಯ ನವಿರು ಪರಿಮಳ ಬರುತ್ತದೆ. ಬಣ್ಣ ಥೇಟ್ ಪುನರ್ಪುಳಿ. ಗ್ಯೂಜ್‌ಗಿಂತ ಮೊದಲು ಇದನ್ನು ಕುಡಿಯುವುದು ಒಳ್ಳೆಯದು. ಹಣ್ಣು ಕೈಹಿಡಿದು ಒಳಗೆ ಕರೆದೊಯ್ಯುತ್ತದೆ.

ಕೊಳ್ಳುವಾಗ ಇಲ್ಲಿ ಎಲ್ಲರೂ ಎಡವುತ್ತಾರೆ. ಅದೇ ಕ್ರೀಕ್ ಹೆಸರಿನಲ್ಲಿ ಸಿಹಿ ಸೇರಿಸಿದ ಬಿಯರೂ ಅಂಗಡಿಯಲ್ಲಿದೆ. ಲಿಂಡೆಮನ್ಸ್‌ನ ಶೇ. 3.5ರ ಕ್ರೀಕ್ ಅಂಥದು: ರುಚಿಯಾದ ಚೆರಿ ಪಾನಕದ ಹಾಗಿರುತ್ತದೆ, ಹಬ್ಬದ ಮನೆಯಲ್ಲಿ ಎಲ್ಲರಿಗೂ ಹಿಡಿಸುತ್ತದೆ, ಆದರೆ ಅದನ್ನು ಕುಡಿದು ಲ್ಯಾಂಬಿಕ್ ಕುಡಿದೆ ಎನ್ನಲಾಗದು. ಲೇಬಲ್ಲಿನ ಮೇಲೆ 'ಔಡೆ', ಅಂದರೆ ಹಳೆಯ, ಎಂಬ ಮಾತಿದೆಯೇ ನೋಡಿ. ಔಡೆ ಗ್ಯೂಜ್, ಔಡೆ ಕ್ರೀಕ್ ಎಂಬ ಹೆಸರುಗಳಿಗೆ ಯುರೋಪಿನ ಕಾನೂನಿನ ರಕ್ಷಣೆ ಇದೆ. ಲಿಂಡೆಮನ್ಸ್ ಕೂಡ ಸಿಹಿಯಿಲ್ಲದ ಔಡೆ ಗ್ಯೂಜ್ ಮಾಡುತ್ತದೆ, ಆದ್ದರಿಂದ ಕಂಪನಿಯ ಹೆಸರಿಗಿಂತ ಆ ಒಂದು ಪದವನ್ನು ನಂಬಿ. ಸಿಗುವುದು ಸುಲಭವಾಗಬೇಕೆಂದರೆ ಬೂನ್, ಔಡ್ ಬೀರ್ಸೆಲ್. ಹುಡುಕಲು ತಾಳ್ಮೆಯಿದ್ದರೆ ಟಿಲ್ಕಿನ್, ದ್ರಿ ಫಾಂಟೈನನ್, ಕಾಂಟಿಯೋನ್. ಬೆಲೆಯಲ್ಲಿ ಬೂನ್‌ನಷ್ಟು ನ್ಯಾಯವಾದ ಗ್ಯೂಜ್ ನಾನು ಬೇರೆ ಕಂಡಿಲ್ಲ. ಹೆಸರಿನ ಹಿಂದೆ ಓಡುವವರು ಅದನ್ನು ಕಡೆಗಣಿಸುವುದು ನನಗೆ ಬೇಸರ ತರುತ್ತದೆ.

ಬಗ್ಗಿಸುವ ಕ್ರಮವೂ ಇದೆ. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಹೊರಗಿಡಿ. 10ರಿಂದ 13 ಡಿಗ್ರಿ ಸರಿಯಾದ ಹದ. ಬಾಟಲಿಯನ್ನು ಅಲ್ಲಾಡಿಸದೆ ಒಂದೇ ಸಲ ಓರೆಮಾಡಿ ಎಲ್ಲ ಲೋಟಗಳನ್ನೂ ತುಂಬಿಸಿ. ನಡುವೆ ನೆಟ್ಟಗೆ ನಿಲ್ಲಿಸಿದರೆ ತಳದ ಗಸಿ ಎದ್ದು ಕಲಕುತ್ತದೆ. ಜೊತೆಗೆ ಇಲ್ಲಿನವರು ಬ್ರೆಡ್ಡಿಗೆ ಮೆತ್ತನೆಯ ತಾಜಾ ಚೀಸ್ ಸವರಿ ಮೂಲಂಗಿ ಚೂರು ಹಾಕಿಕೊಂಡು ತಿನ್ನುತ್ತಾರೆ. ರವೆ ಹಚ್ಚಿ ಹುರಿದ ಬಂಗುಡೆಯೂ ಚೆನ್ನಾಗಿ ಹೊಂದುತ್ತದೆ.

ಅಮೆರಿಕದಲ್ಲಿರುವವರಿಗೆ

ಬೇ ಏರಿಯಾದ ಕನ್ನಡಿಗರು ಬೆಲ್ಜಿಯಮ್ಮಿಗೆ ಕಾಯಬೇಕಿಲ್ಲ. ಉತ್ತರಕ್ಕೆ ಸಾಂಟಾ ರೋಸಾದಲ್ಲಿ ರಷ್ಯನ್ ರಿವರ್ ಬ್ರೂವರಿ ಇದೆ. ವೈನಿನ ನಾಡು, ಆದ್ದರಿಂದ ಪೀಪಾಯಿಗಳೂ ವೈನಿನವು. ಅಲ್ಲಿನ ಬಿಯರುಗಳಲ್ಲಿ ಟೆಂಪ್ಟೇಶನ್ ಶಾರ್ಡನೆ ಎಂಬ ಬಿಳಿ ವೈನಿನ ಪೀಪಾಯಿಯದು, ಸಪ್ಲಿಕೇಶನ್ ಪಿನೋ ನ್ವಾರ್ ಎಂಬ ಕೆಂಪು ವೈನಿನ ಪೀಪಾಯಿಯಲ್ಲಿ ಹುಳಿ ಚೆರಿಯೊಂದಿಗೆ ಮಾಗಿದ್ದು, ಕಾನ್ಸಿಕ್ರೇಶನ್ ಶೇ. 10ರ ಗಟ್ಟಿ. ಗ್ಯೂಜ್‌ನ ಒಣ ಒಗರಿಗಿಂತ ಇವುಗಳಲ್ಲಿ ಹಣ್ಣು ಹೆಚ್ಚು ಮಾತಾಡುತ್ತದೆ. ವೈನ್ ಪ್ರಿಯರಿಗೆ ನಾನು ಸಪ್ಲಿಕೇಶನ್ ಹೇಳುತ್ತೇನೆ. ಟೆಕ್ಸಸ್‌ನಲ್ಲಿರುವವರು ಆಸ್ಟಿನ್ ಹೊರವಲಯದ ಜೆಸ್ಟರ್ ಕಿಂಗ್‌ಗೆ ಒಂದು ಶನಿವಾರ ಮೀಸಲಿಡಿ.

ಊರಿಗೆ ಒಯ್ಯುವುದಾದರೆ

ಅಸಿಡಿಟಿ ಇರುವವರು ಖಾಲಿ ಹೊಟ್ಟೆಯಲ್ಲಿ ಇದನ್ನು ಮುಟ್ಟಬೇಡಿ. ಯಾವುದೇ ಬಗೆಯಾದರೂ ಒಂದು ಲೋಟಕ್ಕೆ ನಿಲ್ಲಿಸಿ.

ಭಾರತಕ್ಕೆ ಸುಂಕವಿಲ್ಲದೆ ಒಬ್ಬರು ತರಬಹುದಾದದ್ದು ಎರಡು ಲೀಟರ್ ಮದ್ಯ. ಮುಕ್ಕಾಲು ಲೀಟರಿನ ಎರಡು ಬಾಟಲಿ, ಮೇಲೊಂದು 37.5 ಸೆಂಟಿಲೀಟರಿನ ಚಿಕ್ಕದು ಹಿಡಿಸುತ್ತದೆ. ಆ ಜಾಗವನ್ನು ಗೋಸೆಗೆ ಕೊಡಬೇಡಿ, ಅದು ತಾಜಾ ಇದ್ದರೇ ಚೆಂದ. ಔಡೆ ಗ್ಯೂಜ್ ಒಯ್ಯಿರಿ. ಕೆಲವು ಬಾಟಲಿಗಳ ಮೇಲೆ 20 ವರ್ಷ ಮುಂದಿನ ದಿನಾಂಕ ಇರುತ್ತದೆ, ಆದರೆ ಅದು ತಣ್ಣನೆಯ ನೆಲಮಾಳಿಗೆಯ ಲೆಕ್ಕ. ಸೆಖೆಗೆ ಇದು ತಡೆಯುವುದಿಲ್ಲ. 2009ರಲ್ಲಿ ದ್ರಿ ಫಾಂಟೈನನ್‌ನ ಉಗ್ರಾಣದಲ್ಲಿ ಥರ್ಮೋಸ್ಟಾಟ್ ಕೆಟ್ಟು ಬಿಸಿ ಏರಿ, ಸಾವಿರಾರು ಬಾಟಲಿ ಒಡೆದವು, ಉಳಿದ ಹತ್ತಾರು ಸಾವಿರ ಮಾರಲಾಗದಂತೆ ಕೆಟ್ಟವು. ಯಜಮಾನ ಆರ್ಮಾಂಡ್ ಡೆಬೆಲ್ಡರ್ ಆ ಬಿಯರನ್ನು ಚೆಲ್ಲಲು ಮನಸ್ಸಾಗದೆ ಭಟ್ಟಿ ಇಳಿಸಿ ಮದ್ಯ ಮಾಡಿ ಮಾರಿ ಬ್ರೂವರಿಯನ್ನು ಉಳಿಸಿಕೊಂಡರು. ಪುತ್ತೂರಿನ ಏಪ್ರಿಲ್‌ನಲ್ಲಿ ಕಪಾಟಿನ ಮೇಲಿಟ್ಟ ಬಾಟಲಿಗೂ ಅದೇ ಗತಿ ಕಾದಿದೆ. ಫ್ರಿಜ್ಜಿನ ಕೆಳಗಿನ ಅರೆಯೇ ಅದರ ಜಾಗ.

ಭಾವ ಹೊರಡುವಾಗ ಎರಡು ಬಾಟಲಿ ಕೇಳಿದರು. ಒಂದು ದುಶೆಸ್. ಇನ್ನೊಂದು, ಅವರೇ ಅಂಗಡಿಯಲ್ಲಿ 'ಔಡೆ' ಪದ ಹುಡುಕಿ ಎತ್ತಿಕೊಂಡ ಗ್ಯೂಜ್. ದುಶೆಸ್ ಆ ತಿಂಗಳೇ ಮುಗಿಯಿತು. ಕಳೆದ ಆಷಾಢದಲ್ಲಿ, ಮಳೆ ಹಿಡಿದಿದ್ದ ಒಂದು ಸಂಜೆ, ಅಕ್ಕ ಹಲಸಿನ ಹಪ್ಪಳ ಕರಿಯುತ್ತಿದ್ದಾಗ ವಿಡಿಯೋ ಕಾಲ್ ಬಂತು. ಗ್ಯೂಜ್ ಬಿರಡೆ ತೆಗೆದಾಗಿತ್ತು. "ಇಪ್ಪತ್ತು ನಿಮಿಷ ಹೊರಗಿಟ್ಟಿದ್ದೆ ಮಾರಾಯ" ಎಂದು ಲೋಟವನ್ನು ಬಲ್ಬಿನ ಬೆಳಕಿಗೆ ಹಿಡಿದು ತೋರಿಸಿದರು.